ಬಂದಿದ್ದೇವೆ ಎಂಬ ಚೀಟಿ

ಅರಸೀಕೆರೆ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೇನೆ. ಪ್ಲಾಟ್‌ಫಾರಂ ಗುಡಿಸಿ ಆಯಿತು, ಈಗ ತೊಳೆಯುತ್ತಿದ್ದಾರೆ. ಪೊರಕೆ ಹಿಡಿದ ಹೆಂಗಸೊಬ್ಬಳು, "ಕಾಲೆತ್ತಿ ಯಜಮಾನ್ರೆ" ಎಂದಳು. ಎತ್ತಿದೆ. ಬಕೆಟ್ಟಿನ ಬಿಳಿಯ ನೀರು ಬೆಂಚಿನ ಕೆಳಗೆ ಹರಿದು ಬಂತು. ಫಿನಾಯಿಲಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬಲಗೈ ನನ್ನನ್ನು ಕೇಳದೆ ಜೇಬಿಗೆ ಹೋಗಿ ಆಧಾರ್ ಕಾರ್ಡು ಇದೆಯೇ ಎಂದು ಮುಟ್ಟಿ ನೋಡಿಕೊಂಡಿತು.

ಮಲ್ಲಿಗೆಯ ವಾಸನೆಗೆ ಹಳೆಯ ಪ್ರೇಮ ನೆನಪಾಗುವ ಪುಣ್ಯವಂತರು ನಿಮ್ಮಲ್ಲಿ ಇರಬಹುದು. ಒಗ್ಗರಣೆಯ ವಾಸನೆಗೆ ತಾಯಿ ನೆನಪಾಗುವವರಂತೂ ಇದ್ದೇ ಇರುತ್ತೀರಿ. ನನಗೆ ಫಿನಾಯಿಲಿನ ವಾಸನೆಗೆ ಒಡಹುಟ್ಟಿದ ಅಣ್ಣ ನೆನಪಾಗುತ್ತಾನೆ. ಅವನನ್ನು ಎರಡು ತಿಂಗಳ ಮೇಲೆ ಕೆಲವು ದಿನ ನಮ್ಮ ಜಿಲ್ಲೆಯ ಜೈಲಿನಲ್ಲಿ ಇಟ್ಟಿದ್ದರು. ಇದನ್ನು ಓದಿ ನಿಮ್ಮ ಹುಬ್ಬು ಮೇಲೇರಿದ್ದರೆ ಏರಲಿ, ನಾನು ಕಾಯುತ್ತೇನೆ. ಕಾಯುವುದರಲ್ಲಿ ನನಗೀಗ ಒಳ್ಳೆಯ ತರಬೇತಿ ಆಗಿದೆ. ಪಕ್ಕದಲ್ಲಿ ನನ್ನ ಅತ್ತಿಗೆ, ಅಂದರೆ ಆ ಅಣ್ಣನ ಹೆಂಡತಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಉತ್ತರದ ಕಡೆಯಿಂದ ಬರುವ ರೈಲಿನಲ್ಲಿ ನಾವು ಹಿಂದೆಂದೂ ನೋಡಿರದ ಒಬ್ಬ ಹೆಂಗಸು ಬರಬೇಕಾಗಿದೆ. ರೈಲು ತಡ. ಆದ್ದರಿಂದ ಕಥೆಗೆ ಸಮಯವಿದೆ.

ನನ್ನ ಅಣ್ಣ ರಂಗೇಗೌಡನದು ಮಾದಿಹಳ್ಳಿಯ ಪಕ್ಕದ ಊರು. ತೆಂಗು, ರಾಗಿ, ಎರಡು ಹಸು. ವಯಸ್ಸು ಅರವತ್ತೆಂಟು. ಕಾನೂನು ಎಂದರೆ ಬಹಳ ಭಯಭಕ್ತಿ. ಬಸ್ಸಿನಲ್ಲಿ 'ಕೈ ಹೊರಗೆ ಚಾಚಬಾರದು' ಎಂದು ಬರೆದಿದ್ದರೆ ಕಿಟಕಿಯ ಪಕ್ಕದ ಸೀಟನ್ನೇ ಬೇರೆಯವರಿಗೆ ಬಿಟ್ಟುಕೊಡುವ ಮನುಷ್ಯ. ಇಂಥವನು ಒಂದು ದಿನ ಬೆಳಗ್ಗೆ ಹತ್ತೂವರೆಗೆ ಸರ್ಕಾರಿ ಸರ್ವೆಯರೊಬ್ಬರ ಕೆನ್ನೆಗೆ ಹೊಡೆದ.

ಪಕ್ಕದ ಜಮೀನಿನವರು ಹದ್ದುಬಸ್ತಿಗೆ ಅರ್ಜಿ ಹಾಕಿದ್ದರು. ಹದ್ದುಬಸ್ತು ಎಂದರೆ ನಿಮ್ಮದೆಲ್ಲಿ ಮುಗಿಯಿತು, ನಮ್ಮದೆಲ್ಲಿ ಶುರುವಾಯಿತು ಎಂದು ಸರ್ಕಾರ ಬಂದು ಅಳೆದು ಕಲ್ಲು ನೆಡುವುದು. ಸರ್ವೆಯರು ಮೂರು ಕಾಲಿನ ಯಂತ್ರ ನಿಲ್ಲಿಸಿ ನೋಡಿದರು. ಗೆರೆ ನಮ್ಮಪ್ಪನ ಸಮಾಧಿಯ ಈಚೆಗೆ ಬಂತು. ಅಂದರೆ ತೀರಿಕೊಂಡು ಇಪ್ಪತ್ತು ವರ್ಷವಾದ ನಮ್ಮಪ್ಪ ಇಷ್ಟು ಕಾಲವೂ ಪಕ್ಕದವರ ಜಮೀನಿನಲ್ಲಿ ಅನಧಿಕೃತವಾಗಿ ಮಲಗಿದ್ದರು. "ಇದನ್ನ ತೆರವು ಮಾಡ್ಬೇಕಾಗುತ್ತೆ ಗೌಡ್ರೆ" ಎಂದರಂತೆ ಸರ್ವೆಯರು. ಅಣ್ಣ ಹೊಡೆದ. ಒಂದೇ ಏಟು. ಯಂತ್ರವೂ ಬಿತ್ತು.

ಗೆರೆ ಸರಿಯಾಗಿಯೇ ಇತ್ತು ಎಂಬುದನ್ನು ನಾನು ಹೇಳಲೇಬೇಕು. ಆ ನಕ್ಷೆಯನ್ನು ನಾನೇ ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೇನೆ. ಮೂವತ್ತು ವರ್ಷ ನಾನು ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಏಟು ತಿಂದ ಸರ್ವೆಯರು ಈಗ ಅದೇ ಕಟ್ಟಡದಲ್ಲಿ, ನನ್ನ ಹಳೆಯ ಕೋಣೆಯಲ್ಲೇ ಕೂರುತ್ತಾರೆ. ಆದ್ದರಿಂದ ಅಣ್ಣ ಹೊಡೆದದ್ದು ಒಂದು ರೀತಿಯಲ್ಲಿ ನನ್ನ ಕುರ್ಚಿಗೇ. ತಪ್ಪು ಅಣ್ಣನದೇ. ತಪ್ಪು ಮಾಡಿದವನು ನಮ್ಮವನಲ್ಲ ಎಂದು ಮಾತ್ರ ಯಾವ ಸರ್ವೆ ನಂಬರಿನಲ್ಲೂ ಬರೆದಿಲ್ಲ.

ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಬೇಲೂರಿನ ನ್ಯಾಯಾಧೀಶರು ರಜೆಯಲ್ಲಿದ್ದರಂತೆ, ಅರಸೀಕೆರೆಯಲ್ಲಿ ಹಾಜರುಪಡಿಸಿದರು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ನಮಗೆ ಯಾರೂ ಹೇಳಲಿಲ್ಲ. ಹೇಳಬಾರದೆಂದಲ್ಲ, ನಾವು ಕೇಳಿದವರಿಗೆಲ್ಲ ಆಗ ಊಟದ ಹೊತ್ತಾಗಿತ್ತು. ಒಂದು ದಿನವಿಡೀ ಅರಸೀಕೆರೆಯಲ್ಲಿ ಅಲೆದ ಮೇಲೆ ಕೋರ್ಟಿನ ಮುಂದೆ ಟೀ ಮಾರುವವನು, "ಜಿಲ್ಲಾ ಜೈಲಿಗೆ ಹಾಕವ್ರೆ ಕಣ್ರಿ, ವ್ಯಾನ್ ಹೋಯ್ತಲ್ಲ" ಎಂದ. ಮೂವತ್ತು ವರ್ಷ ಸರ್ಕಾರದಲ್ಲಿದ್ದ ನನಗೆ ಗೊತ್ತಾಗದ್ದು ಅವನಿಗೆ ಗೊತ್ತಿತ್ತು.

ಮೊದಲನೆಯ ಸಲ ಜೈಲಿಗೆ ಅತ್ತಿಗೆ ಒಬ್ಬರೇ ಹೋದರು. ನನಗೆ ಅಂದು ಬಹಳ ಮುಖ್ಯವಾದ ಕೆಲಸವಿತ್ತು. ಏನೆಂದು ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಸಂಜೆ ವಾಪಸು ಬಂದವರು ಜಗಲಿಯ ಮೇಲೆ ಚೀಲವಿಟ್ಟು ಕೂತರು.

"ನೋಡಿದ್ರಾ?"

"ಇಲ್ಲ."

"ಯಾಕೆ? ಬಿಡಲಿಲ್ವಾ?"

"ಯಾರ್ನ ನೋಡ್ಬೇಕು ಅಂದ್ರು. ನಮ್ಮೋರ್ನ ಅಂದೆ. ನಿಮ್ಮೋರು ಅಂದ್ರೆ ಯಾರಮ್ಮ, ಹೆಸ್ರು ಹೇಳು ಅಂದ್ರು."

ಆಗ ನನಗೆ ಅರ್ಥವಾಯಿತು. ಅತ್ತಿಗೆ ಮದುವೆಯಾಗಿ ಬಂದು ನಲವತ್ತೈದು ವರ್ಷದಲ್ಲಿ ಗಂಡನ ಹೆಸರನ್ನು ಒಂದು ಸಲವೂ ಬಾಯಲ್ಲಿ ಹೇಳಿದವರಲ್ಲ. ಹೇಳಿದರೆ ಗಂಡನ ಆಯುಸ್ಸು ತಗ್ಗುತ್ತದೆ ಎಂದು ಅವರ ತಾಯಿ ಕಲಿಸಿದ್ದು. ರೇಷನ್ ಕಾರ್ಡಿಗೆ, ಓಟಿಗೆ, ಆಸ್ಪತ್ರೆಗೆ ಎಲ್ಲ ಕಡೆಯೂ ಪಕ್ಕದಲ್ಲಿದ್ದವರು ಹೇಳಿಬಿಡುತ್ತಿದ್ದರು. ಜೈಲಿನ ಕಿಟಕಿಯ ಹತ್ತಿರ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಣೆಗೆ ಮೂರು ನಾಮ ಹಾಕುವ ದೇವರ ಹೆಸರು ಅಂದರಂತೆ. ಕಿಟಕಿಯ ಪೇದೆ ವೆಂಕಟೇಶ, ಶ್ರೀನಿವಾಸ, ನಾರಾಯಣ ಎಂದು ಮೂವರನ್ನು ಹುಡುಕಿ ನೋಡಿದನಂತೆ. ಪಾಪ, ಒಳ್ಳೆಯವನೇ. ನಾರಾಯಣ ಎಂಬ ಒಬ್ಬ ಕೈದಿ ಜಾಲರಿಯವರೆಗೂ ಬಂದು, ಅತ್ತಿಗೆಯನ್ನು ನೋಡಿ, ನಿರಾಶನಾಗಿ ಒಳಗೆ ಹೋದನಂತೆ.

ಎರಡನೆಯ ಸಲ ನಾನು ಹೋದೆ. ಹೋಗದೆ ಇರಲು ಕಾರಣ ಸಿಗಲಿಲ್ಲ. ಕಿಟಕಿಯ ಮುಂದೆ ಸಾಲು. ತೊಳೆದ ನೆಲದ ಫಿನಾಯಿಲು. ಪ್ರತಿಯೊಬ್ಬರೂ ಆಧಾರ್ ತೋರಿಸಿ, ಯಾರನ್ನು ನೋಡಬೇಕೆಂದು ಹೇಳಿದರೆ ಪೇದೆ ಒಂದು ಚೀಟಿ ಬರೆಯುತ್ತಾನೆ. ಕೈದಿಯ ಹೆಸರು, ಬಂದವರ ಹೆಸರು, ಸಂಬಂಧ. ಆ ಚೀಟಿ ಒಳಗೆ ಹೋಗುತ್ತದೆ, ಒಳಗಿನವರು ಹೊರಗೆ ಬರುತ್ತಾರೆ. ನಮ್ಮ ಸರದಿ ಬಂತು. ಗಂಟಲು ಸರಿಮಾಡಿಕೊಂಡು, ಯಾರಾದರೂ ಪರಿಚಯದವರು ಇದ್ದಾರೆಯೇ ಎಂದು ಹಿಂದೆ ಮುಂದೆ ನೋಡಿ, ಸಣ್ಣ ದನಿಯಲ್ಲಿ ಹೇಳಲು ಬಾಯಿ ತೆರೆದೆ. ಅತ್ತಿಗೆ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದರು.

"ಹೊತ್ತಿಗೆ ಸರಿಯಾಗಿ ಬರ್ದೆ ಇದ್ದ ನೀನು ಈಗೇನ್ ಹೇಳ್ತೀಯೋ ಗುಮಾಸ್ತಪ್ಪ? ಸರ್ಕೋ." ಆಮೇಲೆ ಕಿಟಕಿಗೆ ಮುಖವಿಟ್ಟು, "ಬರ್ಕೊಳಪ್ಪ. ರಂಗೇಗೌಡ. ರಂಗೇ-ಗೌಡ. ಆಯುಸ್ಸು ಕಮ್ಮಿ ಆಯ್ತದಂತೆ. ಇದ್ರೊಳಗೆ ಕೂತ್ಕೊಂಡು ಆಯುಸ್ಸು ಜಾಸ್ತಿ ಮಾಡ್ಕೊಂಡು ಏನ್ ಮಾಡ್ಬೇಕವ್ರು? ಬರ್ಕೊ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೇದೆ ಬಹಳ ಗೌರವದಿಂದ ಬರೆದುಕೊಂಡ.

ಚೀಟಿ ಒಳಗೆ ಹೋಯಿತು. ಕಾಲು ಗಂಟೆಯ ಮೇಲೆ ಹೋದ ಚೀಟಿಯೇ ವಾಪಸು ಬಂತು. "ಬರಲ್ವಂತಮ್ಮ. ಯಾರೂ ನೋಡಕ್ಕೆ ಬರ್ಬೇಡಿ ಅಂತ ಹೇಳ್ಕಳ್ಸವ್ರೆ."

ಇಂಥ ಹೊತ್ತಿಗೆ ಹೇಳಬೇಕಾದ ಮಾತನ್ನು ನಾನು ಹೇಳಿದೆ: "ನಡೀರಿ ಅತ್ತಿಗೆ, ಬಸ್ಸಿಗೆ ಹೊತ್ತಾಯ್ತು." ಅವರು ಅಲ್ಲಿದ್ದ ಬೆಂಚಿನ ಮೇಲೆ ಗೇಟಿಗೆ ಮುಖಮಾಡಿ ಕೂತರು. ನೋಡುವ ಹೊತ್ತು ಮುಗಿಯುವವರೆಗೂ ಏಳಲಿಲ್ಲ. ಸೋಮವಾರ ಒಂದು ಸಲ, ಗುರುವಾರ ಒಂದು ಸಲ ಬಿಡುತ್ತಾರೆ. ಗುರುವಾರವೂ ಹೋದರು. ಚೀಟಿ ಹೋಯಿತು, ಚೀಟಿ ಬಂತು. ಮತ್ತೆ ಸೋಮವಾರ. ನನಗೆ ತಾಳ್ಮೆ ತಪ್ಪಿತು.

"ಬರಲ್ಲ ಅಂದವರಿಗೆ ಯಾಕೆ ಇಷ್ಟು ದೂರ ಬರ್ತೀರಿ?"

"ಅವ್ರು ಬರ್ದೆ ಇದ್ರೆ ಬಿಡ್ಲಿ. ನಾನ್ ಬಂದಿದೀನಿ ಅಂತ ಚೀಟಿ ಒಳಕ್ಕೆ ಹೋಯ್ತಲ್ಲ? ಹೋಗ್ಲಿ. ವಾರಕ್ಕೆರಡು ಸಲ ಹೋಗ್ಲಿ. ಓದ್ಕಳ್ಳಿ."

ಮೂವತ್ತು ವರ್ಷ ಕಾಗದದ ನಡುವೆ ಬದುಕಿದ್ದೇನೆ. ಸುತ್ತೋಲೆ, ಜ್ಞಾಪನ, ನಡವಳಿ, ತಿಳುವಳಿಕೆ ಪತ್ರ, ಏನೆಲ್ಲ ಬರೆದಿದ್ದೇನೆ. ಎರಡು ಹೆಸರು ಮತ್ತು 'ಹೆಂಡತಿ' ಎಂಬ ಒಂದು ಪದ ಇಷ್ಟೇ ಇದ್ದ ಆ ಚೀಟಿಯಷ್ಟು ಖಡಾಖಂಡಿತವಾದ ಕಾಗದವನ್ನು ನಾನು ಒಂದು ದಿನವೂ ರವಾನಿಸಿರಲಿಲ್ಲ.

ನನ್ನ ಪ್ರತಿಭೆಯನ್ನೂ ಪ್ರಯೋಗಿಸಿದೆ ಎನ್ನಿ. ಅಣ್ಣನಿಗೆ ಒಂದು ಕಾಗದ ಬರೆದೆ. ಅಭ್ಯಾಸಬಲದಿಂದ ಮೇಲೆ 'ವಿಷಯ: ತಾವು ಸಂದರ್ಶನಕ್ಕೆ ಸಮ್ಮತಿಸದಿರುವ ಬಗ್ಗೆ' ಎಂದು ಹಾಕಿದ್ದೆ. ಅತ್ತಿಗೆಗೆ ಓದಿ ಹೇಳಿದೆ. ಅವರು ಕೇಳಿ, "ಇದ್ನ ನೋಡಿದ್ರೆ ಇನ್ನೊಂದ್ ಕೇಸ್ ಹಾಕವ್ರೆ ಅಂದ್ಕೋತಾರೆ" ಎಂದು ಒಲೆಗೆ ಹಾಕಿದರು.

ಈ ನಡುವೆ ಅರೇಹಳ್ಳಿಯ ಬೀಗರು ಬಂದರು. ಅಣ್ಣನ ಮಗಳನ್ನು ಕೊಟ್ಟಿರುವುದು ಅವರ ಮನೆಗೆ. ಕಾಫಿ ತೋಟದವರು, ಮರ್ಯಾದಸ್ಥರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು: "ನೋಡಿ ಅಮ್ಮಾವ್ರೆ, ನಮ್ ಕಡೆ ಎಲ್ರಿಗೂ ಗೌಡ್ರು ಆಸ್ಪತ್ರೆಲವ್ರೆ ಅಂತ ಹೇಳಿದೀವಿ. ಮೂತ್ರಪಿಂಡದಲ್ಲಿ ಕಲ್ಲು. ನೀವೂ ಅಂಗೇ ಹೇಳ್ಬಿಡಿ. ಮಗಳ ಮುಖ ನೋಡಿ."

ಅತ್ತಿಗೆ ಲೋಟ ಎತ್ತಿಕೊಂಡು ಒಳಗೆ ಹೋದರು. ನನಗೆ ಮಾತ್ರ ಬೀಗರ ಮೇಲೆ ಅಪಾರ ಪ್ರೀತಿ ಉಕ್ಕಿತು. ಎಂಥ ಸಂಭಾವಿತ ಕಾಯಿಲೆ! ಸಾಯುವಂಥದಲ್ಲ, ಅಂಟುವಂಥದಲ್ಲ, ಎರಡು ತಿಂಗಳು ಮಲಗಿಸುವಷ್ಟು ಗಂಭೀರ. ಮಾರನೆಯ ದಿನದಿಂದಲೇ ಅದನ್ನು ಬಳಸತೊಡಗಿದೆ.

ನಮ್ಮ ಕಡೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳುವುದಿಲ್ಲ, ಹೋದ ಕೆಲಸ ಕೆಡುತ್ತದೆ ಎನ್ನುತ್ತಾರೆ. 'ದೂರಾನಾ?' ಎಂದು ಕೇಳುತ್ತಾರೆ. ಕೆಲಸ ಕೆಡುವುದಿಲ್ಲ, ಉತ್ತರವೂ ಸಿಗುತ್ತದೆ. ಬಸ್ಸಿನಲ್ಲಿ ಯಾರಾದರೂ "ದೂರಾನಾ?" ಎಂದದ್ದೇ ತಡ, ನಾನು "ಆಸ್ಪತ್ರೆಗೆ, ಅಣ್ಣನಿಗೆ ಕಲ್ಲು" ಎನ್ನುತ್ತಿದ್ದೆ. ಕಲ್ಲಿನ ಗಾತ್ರವನ್ನೂ ಹೇಳುತ್ತಿದ್ದೆ. ಸುಳ್ಳಿನಲ್ಲಿ ವಿವರ ಇರಬೇಕೆಂಬುದು ಕಚೇರಿಯ ಪಾಠ. ಸತ್ಯ ಹೇಳಿದ್ದರೆ ಜನ ಸುಮ್ಮನಾಗುತ್ತಿದ್ದರೋ ಏನೋ, ಮೂತ್ರಪಿಂಡದ ಕಲ್ಲು ಎಂದರೆ ಇಡೀ ಬಸ್ಸೇ ವೈದ್ಯನಾಗಿಬಿಡುತ್ತದೆ. ಹುರುಳಿ ಕಟ್ಟು ಕುಡಿಸಿ ಎಂದರು. ಎಳನೀರು ಎಂದರು. ಹಳೇಬೀಡಿನಲ್ಲಿ ಹತ್ತಿದ ಒಬ್ಬ ಪುಣ್ಯಾತ್ಮ, ತನ್ನ ಮನೆಗೆ ಒಯ್ಯುತ್ತಿದ್ದ ಮೂರಡಿ ಉದ್ದದ ಬಾಳೆದಿಂಡನ್ನು ಎತ್ತಿ ಅತ್ತಿಗೆಯ ತೊಡೆಯ ಮೇಲಿಟ್ಟ.

"ರಸ ಹಿಂಡಿ ಕುಡ್ಸಿ ತಾಯಿ. ಮೂರು ದಿನಕ್ಕೆ ಕಲ್ಲು ಆಚ್ಗೆ ಬತ್ತದೆ."

ಆ ಬಾಳೆದಿಂಡನ್ನು ಹೊತ್ತುಕೊಂಡು ನಾವು ಜೈಲಿನ ಗೇಟಿಗೆ ಹೋದೆವು. ಬೇರೆ ದಾರಿ ಇರಲಿಲ್ಲ. ಆತ ನಮ್ಮ ಜೊತೆಗೇ ಇಳಿದು, ನಾವು ಆಸ್ಪತ್ರೆಯ ದಾರಿ ಹಿಡಿಯುವವರೆಗೂ ಪ್ರೀತಿಯಿಂದ ನೋಡುತ್ತ ನಿಂತಿದ್ದ. ಆಸ್ಪತ್ರೆಯ ಕಡೆಗೆ ಅರ್ಧ ಫರ್ಲಾಂಗು ನಡೆದು, ಅವನು ಮರೆಯಾದ ಮೇಲೆ ಹಿಂದಕ್ಕೆ ತಿರುಗಿದೆವು. ಗೇಟಿನಲ್ಲಿ ಪೇದೆ ದಿಂಡನ್ನು ಮೇಲೆ ಕೆಳಗೆ ನೋಡಿ, "ಏನಮ್ಮ ಇದು, ಇದ್ರಲ್ಲಿ ಯಾರ್ಗ್ ಹೊಡ್ಯಕ್ಕೆ?" ಎಂದ. ಒಳಗೆ ಬಿಡಲಿಲ್ಲ. ಅಂದೂ ಚೀಟಿ ಹೋಯಿತು, ಬಂತು. ಅತ್ತಿಗೆ ಬಾಳೆದಿಂಡನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಹೊತ್ತು ಮುಗಿಯುವವರೆಗೂ ಕೂತರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಗುಮಾಸ್ತಪ್ಪ" ಎಂದರು, ಗೇಟನ್ನೇ ನೋಡುತ್ತ. "ನಿಮ್ಮಣ್ಣ ಹೊಡುದ್ರು. ತಪ್ಪು ಮಾಡುದ್ರು. ಕಳ್ತನ ಮಾಡ್ನಿಲ್ಲ, ಸುಳ್ಳು ಹೇಳ್ನಿಲ್ಲ. ಈಗ ಅವ್ರು ಮಾಡ್ದೆ ಇರಾದ್ನ ನಾವ್ ಮಾಡ್ತಾ ಕೂತಿದೀವಿ. ನಾಳಿಂದ ನಾನು ಸುಳ್ಳು ಹೇಳಕಿಲ್ಲ. ನಿಂಗೆ ನಾಚ್ಕೆ ಆದ್ರೆ ಮುಂದ್ಗಡೆ ಸೀಟಲ್ಲಿ ಕೂತ್ಕೊ."

ಮುಂದಿನ ಗುರುವಾರ ನಾನು ಮುಂದಿನ ಸೀಟಿನಲ್ಲೇ ಕೂತೆ. ನಾಚಿಕೆಪಡುವವರಿಗೆ ಅದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವ ಹಕ್ಕೂ ಇದೆ. ಹಿಂದಿನಿಂದ ಯಾರೋ ಹೆಂಗಸು, "ದೂರಾನಾ ಅಮ್ಮ?" ಎಂದದ್ದು ಕೇಳಿಸಿತು.

"ಜೈಲಿಗೆ ಕಣವ್ವ. ನಮ್ ಯಜಮಾನ್ರು ಒಳಗವ್ರೆ."

ಬಸ್ಸಿನ ಮಾತು ನಿಂತಿತು. ಕಂಡಕ್ಟರ್ ಟಿಕೆಟ್ ಹರಿಯುತ್ತಿದ್ದವನು ಕೈ ನಿಲ್ಲಿಸಿದ. ನಾನು ಕಿಟಕಿಯಾಚೆ ಒಂದು ತೆಂಗಿನ ಮರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಅರ್ಧ ಮೈಲಿ ಹೋದ ಮೇಲೆ ಅದೇ ಹೆಂಗಸಿನ ದನಿ, ಈಗ ತಗ್ಗಿದ ದನಿ, ಮತ್ತೆ ಕೇಳಿಸಿತು: "ಎಷ್ಟೊತ್ತಿಗೆ ಬಿಡ್ತಾರಮ್ಮ ಒಳಕ್ಕೆ? ನಮ್ ಭಾವನೂ ಅಲ್ಲೇ ಅವ್ರೆ. ಯಾರ್ನ ಕೇಳ್ಬೇಕು ಅಂತ್ಲೇ ಗೊತ್ತಿಲ್ಲ."

ಅತ್ತಿಗೆ ಹೇಳಿಕೊಟ್ಟರು. ಆಧಾರ್ ಇರಬೇಕು, ಒಳಗಿರುವವರ ಅಪ್ಪನ ಹೆಸರೂ ಗೊತ್ತಿರಬೇಕು, ಹತ್ತು ಗಂಟೆಗೇ ಸಾಲಿಗೆ ನಿಲ್ಲಬೇಕು, ಬಿಸ್ಕತ್ತು ಬಿಡುತ್ತಾರೆ, ಬಾಳೆದಿಂಡು ಬಿಡುವುದಿಲ್ಲ. ಆ ಹೆಂಗಸು ನಮ್ಮ ಜೊತೆಗೇ ಇಳಿದಳು.

ಅಣ್ಣ ಬರಲಿಲ್ಲ. ಆರನೆಯ ಚೀಟಿಯೂ ವಾಪಸು ಬಂತು. ಅಂದು ಅತ್ತಿಗೆ ಬೆಂಚಿನಿಂದ ಏಳುವಾಗ ನನ್ನ ಭುಜ ಹಿಡಿದುಕೊಂಡರು. ಹಾಗೆ ಹಿಡಿದದ್ದು ಅದೇ ಮೊದಲು. "ನನ್ನ ಬ್ಯಾಡ ಅಂದ್ಬುಟ್ರಾ ಹೆಂಗೆ?" ಎಂದರು. ಆ ದನಿಯಲ್ಲಿ ಕಿಟಕಿಗೆ ಮುಖವಿಟ್ಟು ಕೂಗಿದ ಹೆಂಗಸು ಇರಲಿಲ್ಲ. ನಾನು ಅವರ ಚೀಲ ಎತ್ತಿಕೊಂಡೆ.

ಮೂರನೆಯ ದಿನ ನನ್ನ ಮನೆಯ ಮುಂದೆ ಒಂದು ಸ್ಕೂಟರ್ ನಿಂತಿತು. ಇಳಿದವರು ಸರ್ವೆಯರು. ಏಟು ತಿಂದ ಸರ್ವೆಯರು. ನಲವತ್ತೈದರ ಆಸುಪಾಸಿನ ಮನುಷ್ಯ, ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ನನಗೆ 'ಸಾರ್' ಎನ್ನುತ್ತಿದ್ದವರು. ನಾನು ಬಾಗಿಲಲ್ಲೇ ನಿಂತೆ. ಕೂರಿ ಎನ್ನಬೇಕೋ ಬೇಡವೋ, ಅಂದರೆ ಅಣ್ಣನಿಗೆ ದ್ರೋಹವೋ, ಅನ್ನದಿದ್ದರೆ ಕಚೇರಿಗೆ ದ್ರೋಹವೋ ಎಂದು ಯೋಚಿಸುವಷ್ಟರಲ್ಲಿ ಅವರೇ ಕೂತರು.

"ಸಾರ್, ನಿಮ್ಮಣ್ಣ ಪ್ರತಿ ಶುಕ್ರವಾರ ಫೋನ್ ಮಾಡ್ತಾರೆ."

"ಯಾರಿಗೆ?"

"ನಿಮಗೆ. ನಮ್ಮ ಆಫೀಸಿಗೆ."

ಸಂಗತಿ ಹೀಗಿತ್ತು. ಜೈಲಿನಿಂದ ಮನೆಗೆ ಫೋನ್ ಮಾಡಲು ವಾರಕ್ಕೊಮ್ಮೆ ಬಿಡುತ್ತಾರೆ. ಯಾವ ನಂಬರಿಗೆ ಎಂದು ಮೊದಲೇ ಹೇಳಿ ಬರೆಸಬೇಕು. ಅಣ್ಣನ ಮೊಬೈಲು ಪೊಲೀಸರ ಹತ್ತಿರ, ನಂಬರುಗಳೆಲ್ಲ ಅದರೊಳಗೆ. ಬಾಯಿಗೆ ಬರುವ ನಂಬರು ಅವನಿಗೆ ಪ್ರಪಂಚದಲ್ಲಿ ಒಂದೇ: ಮೂವತ್ತು ವರ್ಷ ಊರಿನ ಅಂಗಡಿಯಿಂದ ತಿರುಗಿಸುತ್ತಿದ್ದ ನನ್ನ ಕಚೇರಿಯ ನಂಬರು. ಹಸು ಕರು ಹಾಕಿದ್ದು, ಅಪ್ಪ ಸತ್ತದ್ದು, ಎಲ್ಲ ಸುದ್ದಿಯೂ ನನಗೆ ಆ ನಂಬರಿಗೇ ಬಂದದ್ದು. ನಾನು ನಿವೃತ್ತನಾಗಿ ಆರು ವರ್ಷವಾಯಿತು ಎಂಬುದು ಅವನಿಗೆ ಗೊತ್ತು. ಆದರೆ ಆ ಫೋನು ನನ್ನ ಜೊತೆ ನಿವೃತ್ತವಾಗಿಲ್ಲ, ಅದು ಅಲ್ಲೇ ಇದೆ, ಅಲ್ಲಿಯವರು ನನ್ನನ್ನು ಕರೆಯುತ್ತಾರೆ ಎಂಬ ನಂಬಿಕೆ. ಜೈಲಿನವರು ವಿಚಾರಿಸಲು ಫೋನ್ ಮಾಡಿದಾಗ, ಇದು ಇಂಥವರ ನಂಬರೇ ಎಂದು ಕೇಳಿದರೆ, ನಮ್ಮ ಹಳೆಯ ಜವಾನ ಹಳೆಯ ವಿಶ್ವಾಸದಿಂದ "ಹೌದು, ಅವರದೇ" ಎಂದುಬಿಟ್ಟಿದ್ದಾನೆ.

"ಮೊದಲ ಎರಡು ಶುಕ್ರವಾರ ರಿಟೈರ್ಡ್ ಆಗಿದಾರೆ ಅಂತ ಫೋನ್ ಇಟ್ಬಿಟ್ಟೆ ಸಾರ್. ದನಿ ಗೊತ್ತಾಯ್ತು, ಅದಕ್ಕೇ ಇಟ್ಟೆ. ನಿನ್ನೆ ಮಾತ್ರ ಅವರು ನಾನು ಮಾತಾಡೋಕ್ಕೆ ಮುಂಚೆನೇ ಶುರುಮಾಡಿದ್ರು. 'ನಮ್ಮನೆಯವಳಿಗೆ ಹೇಳಿ ಸ್ವಾಮಿ, ಇಷ್ಟು ದೂರ ಬರಬೇಡ ಅನ್ನಿ, ಅವಳಿಗೆ ಮಂಡಿ ನೋವು, ಈ ಮುಖ ಇಟ್ಕೊಂಡು ಹೆಂಗೆ ಎದುರಿಗೆ ನಿಲ್ಲಲಿ' ಅಂತ. ನನಗೆ ತಡೀಲಿಲ್ಲ. ನಾನು ಯಾರು ಗೊತ್ತಾ ಗೌಡ್ರೆ ಅಂದೆ. ಗೊತ್ತಾಗಲಿಲ್ಲ ಅಂದ್ರು. ನಿಮ್ಮ ಕೈಲಿ ಏಟು ತಿಂದವನು ಅಂದೆ."

"ಏನಂದ?"

"ಒಂದ್ಸಲ ಕೆಮ್ಮಿದ್ರು. ಆಮೇಲೆ 'ಊಟ ಆಯ್ತಾ ಸ್ವಾಮಿ?' ಅಂದ್ರು."

ಸರ್ವೆಯರು ನಕ್ಕರು. ನಗುತ್ತ ಕೆನ್ನೆ ಮುಟ್ಟಿಕೊಂಡರು. "ಕೇಸ್ ನಾನು ವಾಪಸ್ ತಗೊಳ್ಳಕ್ಕಾಗಲ್ಲ ಸಾರ್. ಸರ್ಕಾರದ್ದು. ತಗೊಳ್ಳೋದೂ ಇಲ್ಲ, ನೋವಾಗಿದೆ. ಆದ್ರೆ ಫೋನು ಇಡಲ್ಲ. ಶುಕ್ರವಾರ ಅಮ್ಮಾವ್ರನ್ನ ಕರ್ಕೊಂಡ್ ಬನ್ನಿ."

ಶುಕ್ರವಾರ ಅತ್ತಿಗೆ ಆ ಕಚೇರಿಯ ಬಾಗಿಲಿನಿಂದ ನೆಟ್ಟಗೆ ನಡೆದು ಹೋದರು. ಜನ ತುಂಬಿದ್ದರು, ಎಲ್ಲರಿಗೂ ಕಥೆ ಗೊತ್ತು. ಸರ್ವೆಯರು ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅತ್ತಿಗೆ ಕೂರುವ ಮುಂಚೆ ಅವರ ಮುಖವನ್ನು ಒಂದು ಕ್ಷಣ ನೋಡಿ, "ಎಡಗಡೆನಾ?" ಎಂದರು.

"ಹೂಂ ಅಮ್ಮ."

"ತಪ್ಪಾಯ್ತು ಕಣಪ್ಪ." ಅಷ್ಟು ಹೇಳಿ ಕೂತರು. ಫೋನು ಹನ್ನೊಂದೂಕಾಲಿಗೆ ಬಡಿದುಕೊಂಡಿತು. ಅತ್ತಿಗೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಆ ಕಡೆಯಿಂದ ಏನು ಬಂತೋ ನಮಗೆ ಕೇಳಿಸಲಿಲ್ಲ, ಈ ಕಡೆಯದು ಮಾತ್ರ ಪಕ್ಕದ ಕಟ್ಟಡದ ಖಜಾನೆ ಕಚೇರಿಯವರೆಗೂ ಕೇಳಿಸಿತು.

"ನಾನೇ... ಹೂಂ, ನಾನೇ. ಇಲ್ಲೇ ಕೂತಿದೀನಿ, ಅವ್ರ್ ಕುರ್ಚಿಲೇ... ರಾಗಿ ಕೊಯ್ದಾಯ್ತು. ಕರೀ ಹಸ ಇನ್ನೂ ಕರ ಹಾಕಿಲ್ಲ... ನನ್ ಮಂಡಿ ವಿಚಾರ ನಿಮ್ಗ್ಯಾಕೆ? ಮುಖ ತೋರ್ಸಕ್ಕೆ ನಾಚ್ಕೆ ಅಂತೆ! ಹೊಡ್ಯೋವಾಗ ಎಲ್ಲೋಗಿತ್ತು ನಾಚ್ಕೆ? ನೋಡಿ, ಐದ್ ನಿಮಿಷ್ವಂತೆ, ನಾನ್ ಹೇಳೋದ್ ಕೇಳಿ. ಬಸ್ಸಲ್ಲಿ ಹೇಳಿದೀನಿ, ಊರಲ್ಲಿ ಹೇಳಿದೀನಿ, ಬೀಗ್ರಿಗೂ ಗೊತ್ತು, ಮುಚ್ಚಿಡಾದು ಏನೂ ಇಲ್ಲ. ಸೋಮವಾರ ಬತ್ತೀನಿ. ಚೀಟಿ ಬಂದ್ರೆ ಎದ್ದು ಬನ್ನಿ. ಬರ್ನಿಲ್ಲ ಅಂದ್ರೆ ಅಲ್ಲೇ ಬಾಗ್ಲಲ್ಲಿ ಒಲೆ ಹೂಡ್ತೀನಿ."

ಸೋಮವಾರ ಚೀಟಿ ಒಳಗೆ ಹೋಯಿತು. ಹೊರಗೆ ಬಂದದ್ದು ಅಣ್ಣ. ತೆಳ್ಳಗಾಗಿದ್ದ. ಜಾಲರಿಯ ಆ ಕಡೆ ನಿಂತು ನೆಲ ನೋಡಿದ. ಈ ಕಡೆ ಇಪ್ಪತ್ತು ಜನ ಒಟ್ಟಿಗೆ ಕೂಗಿ ಮಾತಾಡುತ್ತಿದ್ದರು. ಅತ್ತಿಗೆ ಅವರ ನಡುವೆ ನುಗ್ಗಿ ಮುಂದೆ ಬಂದರು. ಜಾಲರಿಯ ತೂತಿಗೆ ಒಂದು ಬೆರಳು ತೂರಿಸಿ ನಿಂತರು. ಬಹಳ ಹೊತ್ತಿನ ಮೇಲೆ ಅಣ್ಣ ತನ್ನ ಬೆರಳನ್ನು ಅದಕ್ಕೆ ತಾಗಿಸಿದ. ನಾನು ಗೋಡೆಯ ಮೇಲಿನ ಸೂಚನಾ ಫಲಕವನ್ನು ಎರಡು ಸಲ ಓದಿದೆ. ವ್ಯಾಕರಣದೋಷವೇನೂ ಇರಲಿಲ್ಲ.

ಹೊತ್ತು ಮುಗಿಯಿತೆಂದು ಸೀಟಿ ಊದುವ ಮುಂಚೆ ಅಣ್ಣ ಒಂದು ಮಾತು ಹೇಳಿದ. "ನನ್ ಪಕ್ಕ ಮಲ್ಲಪ್ಪ ಅಂತ ಒಬ್ನವ್ನೆ. ಹಾವೇರಿ ಕಡೆಯೋನು, ಲಾರಿ ಡ್ರೈವರು. ಕೊಬ್ರಿ ಲೋಡಿಗೆ ಅಂತ ಅರಸೀಕೆರೆಗೆ ಬಂದೋನು ದಾರೀಲಿ ಆಕ್ಸಿಡೆಂಟ್ ಆಗಿ ಒಳಗವ್ನೆ. ಏಳು ತಿಂಗಳಾಯ್ತು, ಒಂದ್ ಚೀಟಿ ಬಂದಿಲ್ಲ ಅವನ್ಗೆ. ನಿನ್ ಚೀಟಿ ಬಂದಾಗೆಲ್ಲ ಅವ್ನೇ ನನ್ಗೆ ಬಯ್ಯವನು. ಬರವ್ರು ಇದ್ದೂ ಹೋಗಲ್ವಲ್ಲೋ ಪಾಪಿ ಅಂತ. ಫೋನಾದ್ರೂ ಮಾಡು ಅಂತ ಎಳ್ಕೊಂಡ್ ಹೋದೋನೂ ಅವ್ನೇ."

ಅಣ್ಣನಿಗೆ ಜಾಮೀನು ಆಗಿ ಈಗ ನಾಲ್ಕು ತಿಂಗಳು. ಕೇಸು ನಡೆಯುತ್ತಿದೆ. ವಕೀಲರು ಹೊಡೆದಿಲ್ಲ ಎನ್ನಿ ಎಂದರೆ ಅಣ್ಣ, "ಹೊಡ್ದಿದೀನಲ್ಲ ಸ್ವಾಮಿ" ಎನ್ನುತ್ತಾನೆ. ವಕೀಲರು ಸೋತಿದ್ದಾರೆ. ಅಪ್ಪ ಸದ್ಯಕ್ಕೆ ಪಕ್ಕದವರ ಜಮೀನಿನಲ್ಲೇ ಇದ್ದಾರೆ, ಪಕ್ಕದವರೂ ಸುಮ್ಮನಿದ್ದಾರೆ. ಬೀಗರ ಮನೆಯಲ್ಲಿ ಮೊಮ್ಮಗುವಿನ ನಾಮಕರಣಕ್ಕೆ ಹೋದಾಗ ಯಾರೋ, "ಕಲ್ಲು ಹೋಯ್ತಾ ಗೌಡ್ರೆ?" ಎಂದರೆ ಅತ್ತಿಗೆ ಪಾಯಸ ಬಡಿಸುತ್ತಿದ್ದ ಸೌಟು ಎತ್ತಿಕೊಂಡೇ, "ಕಲ್ಲಲ್ಲ ಕಣ್ರೀ, ಜೈಲು" ಎಂದರು. ಬೀಗರು ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಅವರ ಸಂಬಂಧಿಕರೊಬ್ಬರಿಗೆ ಜಾಮೀನಿನ ವಿಷಯ ತಿಳಿಯಬೇಕಾಗಿ ತಾವೇ ಬಂದರು.

ಮಲ್ಲಪ್ಪ ಮಾತ್ರ 'ಒಳಗವ್ನೆ'. ಅವನ ತಾಯಿಯ ಹತ್ತಿರ ಫೋನಿಲ್ಲ. ಊರಿನ ಹೆಸರು, ಮನೆಯ ಪಕ್ಕ ಹಿಟ್ಟಿನ ಗಿರಣಿ, ಇಷ್ಟೇ ಅವನು ಹೇಳಿದ್ದು. ನಾನು ಒಂದು ಕಾರ್ಡು ಬರೆದೆ. 'ವಿಷಯ' ಇರಲಿಲ್ಲ, 'ಉಲ್ಲೇಖ' ಇರಲಿಲ್ಲ. "ಮಲ್ಲಪ್ಪ ಬದುಕಿದ್ದಾನೆ. ಜೈಲಿನಲ್ಲಿದ್ದಾನೆ. ಅರಸೀಕೆರೆಗೆ ಬನ್ನಿ, ನಾವು ಕರೆದುಕೊಂಡು ಹೋಗುತ್ತೇವೆ" ಎಂದಷ್ಟೇ ಬರೆದು ನನ್ನ ಮೊಬೈಲ್ ನಂಬರು ಹಾಕಿದೆ. ಇಪ್ಪತ್ತು ದಿನದ ಮೇಲೆ ಗಿರಣಿಯವರು ಫೋನ್ ಮಾಡಿದರು.

ರೈಲು ಬಂತು. ಜನರಲ್ ಡಬ್ಬಿಯಿಂದ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬ ಮುದುಕಿ ಇಳಿದಳು, ಸುತ್ತ ನೋಡಿದಳು. ಡಬ್ಬಿಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಗ್ಗಿ, "ದರ್ಶನ ಮುಗಿಸ್ಕೊಂಡು ಹುಷಾರಾಗಿ ವಾಪಸ್ ಹೋಗ್ರಿ ಅಜ್ಜಿ" ಎಂದರು. ಅತ್ತಿಗೆ ಹತ್ತಿರ ಹೋಗಿ, "ಮಲ್ಲಪ್ಪನ ಅವ್ವನಾ?" ಎಂದರು. ಮುದುಕಿ ಬಾಗಿಲ ಕಡೆ ಒಂದು ಸಲ ನೋಡಿ, ಹೆದರಿ, ಗಟ್ಟಿಯಾಗಿ ಹೇಳಿದಳು: "ಬೇಲೂರ ಗುಡಿ ನೋಡಾಕ ಬಂದೀನ್ರಿ ಯವ್ವಾ, ಗುಡಿ ನೋಡಾಕ."

ಅತ್ತಿಗೆ ಅವಳ ಗಂಟನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ಅವಳ ಕೈ ಹಿಡಿದುಕೊಂಡರು.

"ಗುಡಿ ಎಲ್ಲೂ ಹೋಗಕಿಲ್ಲ ಕಣವ್ವ, ನೂರಾರು ವರ್ಷದಿಂದ ಅಲ್ಲೇ ನಿಂತೈತೆ. ನಿನ್ ಮಗ ಕಾಯ್ತಾವ್ನೆ. ನಡಿ."

ನಿಲ್ದಾಣದ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಂಡರು. ರೈಲಿನಿಂದ ಗಂಟು ಹಿಡಿದು ಇಳಿದವರೆಲ್ಲ ಅವರ ಲೆಕ್ಕದಲ್ಲಿ ಯಾತ್ರಿಕರು. "ಬೇಲೂರು ಹಳೇಬೀಡಾ ಸಾರ್? ಎರಡೂ ತೋರ್ಸಿ ಸಂಜೆಗೆ ಬಿಡ್ತೀನಿ. ದೇವಸ್ಥಾನಕ್ಕೆ ತಾನೆ?" ಮುದುಕಿ ನನ್ನ ಮುಖ ನೋಡಿದಳು. ಸುತ್ತ ಇಪ್ಪತ್ತು ಮೂವತ್ತು ಜನ ಇದ್ದರು, ಅವರಲ್ಲಿ ಇಬ್ಬರಾದರೂ ನನ್ನ ಪರಿಚಯದವರು. ಗಂಟಲು ಸರಿಮಾಡಿಕೊಳ್ಳುವ ಅಗತ್ಯ ಬೀಳಲಿಲ್ಲ.

"ಅಲ್ಲಪ್ಪ, ಜೈಲಿಗೆ" ಎಂದೆ. "ಮೂರು ಜನ. ಹತ್ತು ಗಂಟೆಯೊಳಗೆ ಸಾಲಿಗೆ ನಿಲ್ಲಬೇಕು. ಬೇಗ ಬಿಡು."